ಮಗಳ ಬೈತಲೆಯಲ್ಲಿ ಬಿಡಾರ ಹೂಡಿದ ಬಿಳಿ ಕೂದಲಿಗೆ

ಮಾನ್ಯ ಬಿಳಿ ಕೂದಲುಗಳೇ,

ಪುಣೆಯ ಕಾತ್ರಜದಲ್ಲಿ ಹೋಟೆಲು ನಡೆಸುವ ಸದಾನಂದರ ಹೆಂಡತಿ ಲೀಲಾಕ್ಷಿ ತಮ್ಮ ಬುಡಕ್ಕೆ ಅಡ್ಡಬಿದ್ದು ಮಾಡಿಕೊಳ್ಳುವ ಅರಿಕೆ. ನಮ್ಮ ನಾಲ್ಕನೇ ಕ್ಲಾಸಿನ ಮಗಳು ಶರಣ್ಯಾಳ ಬೈತಲೆಗೆ ತಾವು ಹೇಳದೆ ಕೇಳದೆ ಸಪರಿವಾರ ದಯಮಾಡಿಸಿದ್ದೀರಿ. ದೊಡ್ಡವರು ಬಂದರೆ ಸಂತೋಷವೇ. ಆದರೆ ಶಾಲೆಯ ಮಕ್ಕಳು ಅವಳನ್ನು ಮರಾಠಿಯಲ್ಲಿ ‘ಆಜಿ’, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದಾರೆ. ವಾರ್ಷಿಕೋತ್ಸವದ ಕುಣಿತದಲ್ಲಿ ಮುಂದಿನ ಸಾಲಿನಲ್ಲಿದ್ದ ಹುಡುಗಿ ಇನ್ನು ಕುಣಿಯುವುದೇ ಇಲ್ಲವೆಂದು ಹಟ ಹಿಡಿದಳು.

ತಮ್ಮ ಆಗಮನದ ಕಾರಣ ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ. ಪಕ್ಕದ ಮನೆಯವರು ಟ್ಯಾಂಕರ್ ನೀರು ಎಂದರು, ಟೀಚರು ಮೊಬೈಲು ಎಂದರು, ಹೋಟೆಲಿನ ಪಾತ್ರೆ ತೊಳೆಯುವ ಕಾಶವ್ವ ‘ಕೂಸು ಭಾಳ ವಿಚಾರ ಮಾಡ್ತದರಿ ಅಕ್ಕಾರ’ ಎಂದಳು. ಯಜಮಾನರಂತೂ ಗಲ್ಲಾದಲ್ಲಿ ಕುಳಿತು ಕಾಡಿಗೆಯಂಥ ತಮ್ಮ ಕ್ರಾಪು ಸವರಿಕೊಳ್ಳುತ್ತ, ‘ನೀನು ಸಮ ಎಣ್ಣೆ ಹಚ್ಚುದಿಲ್ಲ, ಅದಕ್ಕೇ. ನನ್ನ ತಲೆ ನೋಡು’ ಎಂದು ತೀರ್ಪು ಕೊಟ್ಟರು. ಭಾನುವಾರ ಚಿಲಕ ಹಾಕಿಕೊಂಡು ಎಣ್ಣೆಸ್ನಾನ ಮಾಡುವುದು ಅವರ ಮನೆತನದ ಪದ್ಧತಿಯೆಂದೂ, ಟವೆಲಿಗೆ ಹತ್ತಿದ ಕಪ್ಪು ದೋಸೆಕಾವಲಿಯ ಮಸಿಯೆಂದೂ ಮದುವೆಯಾದಾಗಿನಿಂದ ನಂಬಿದವಳು ಇದನ್ನೂ ನಂಬಿದೆ. ಊರಿನಿಂದ ತೆಂಗಿನೆಣ್ಣೆ ತರಿಸಿ ಮಗಳ ತಲೆಗೆ ಸುರಿದೆ. ದಿಂಬು ಹಾಳಾಯಿತು, ತಾವು ಇನ್ನಷ್ಟು ಹೊಳೆದಿರಿ.

ಕೊನೆಗೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ವಿಟಮಿನ್ನು, ಕಬ್ಬಿಣ, ಥೈರಾಯ್ಡು ಎಲ್ಲ ಸರಿಯಿದೆ, ಮನೆಯಲ್ಲಿ ಯಾರಿಗಾದರೂ ಹೀಗೆ ಬೇಗ ನರೆತಿತ್ತೇ ಎಂದು ಕೇಳಿದರು. ನಾನು ಹೆಮ್ಮೆಯಿಂದ ಯಜಮಾನರ ತಲೆ ತೋರಿಸಿದೆ. ಅವರು ನೆಲ ನೋಡುತ್ತ, ‘ನನ್ನದು ಒಂಬತ್ತನೇ ವರ್ಷಕ್ಕೇ ಬೆಳ್ಳಗಾಗಿತ್ತು ಮಾರಾಯ್ತಿ’ ಎಂದರು.

ಆದ್ದರಿಂದ ತಾವು ತಕ್ಷಣ ವರ್ಗ ಮಾಡಿಸಿಕೊಂಡು, ಶರಣ್ಯಾಳಿಗೆ ಮೊಮ್ಮಕ್ಕಳಾದ ಮೇಲೆ ಸಾವಕಾಶವಾಗಿ ಮರಳಬೇಕೆಂದು ಕೋರುತ್ತೇನೆ. ಸಾಧ್ಯವಾಗದಿದ್ದರೂ ಬೇಸರವಿಲ್ಲ. ಆ ದಿನದಿಂದ ಭಾನುವಾರ ನಮ್ಮ ಬಚ್ಚಲಿನ ಚಿಲಕ ಬಿದ್ದಿಲ್ಲ. ಅರ್ಧ ಕಪ್ಪು, ಅರ್ಧ ಬಿಳುಪಿನ ತಲೆಯಲ್ಲೇ ಯಜಮಾನರು ಮಗಳನ್ನು ಶಾಲೆಗೆ ಬಿಡುತ್ತಾರೆ. ಗೇಟಿನಲ್ಲಿ ಮಕ್ಕಳು ‘ಆಜೋಬಾ’ ಎಂದು ಅವರನ್ನೂ ಅಜ್ಜನನ್ನಾಗಿ ಮಾಡಿದಾಗ ಕೈ ಬೀಸಿದರಂತೆ. ಮಗಳು ಬಿದ್ದು ಬಿದ್ದು ನಕ್ಕಳಂತೆ. ಈಗ ಮತ್ತೆ ಮುಂದಿನ ಸಾಲಿನಲ್ಲೇ ಕುಣಿಯುತ್ತಿದ್ದಾಳೆ.

ದಿನಬೆಳಗಾದರೆ ತಮ್ಮನ್ನು ಬಾಚಿ ಜಡೆ ಹೆಣೆಯುವ,
ತಮ್ಮ ವಿಶ್ವಾಸಿ,
ಲೀಲಾಕ್ಷಿ

ತಾ.ಕ.: ಅಪ್ಪ ಮಗಳು ಈಗ ಒಂದೇ ಪಾರ್ಟಿ. ನನ್ನ ಕಪ್ಪು ಜಡೆಯನ್ನು ಬೆಳಕಿಗೆ ಹಿಡಿದು, ‘ಅಮ್ಮ, ನಿಜ ಹೇಳು, ನೀನು ಎಂತ ಹಚ್ಚುದು?’ ಎಂದು ವಿಚಾರಣೆ ನಡೆಸುತ್ತಾರೆ. ಈ ಮನೆಯಲ್ಲಿ ನನ್ನನ್ನು ನಂಬುವವರೇ ಇಲ್ಲವಾದ್ದರಿಂದ, ತಾವು ಒಬ್ಬರಾದರೂ ನನ್ನ ತಲೆಗೆ ಬಂದು ಸಾಕ್ಷಿ ಹೇಳಬೇಕು.