ಗಿರಿಜಾ ಮೇಡಂ ಡ್ರಾಯರಿನಲ್ಲಿ ನನ್ನ ಫೋನು

ಫೋನ್ ನೋಡುವುದು ನನಗೆ ಚಟವಲ್ಲ ಎಂದು ಬಹಳ ದಿನ ನಂಬಿದ್ದೆ. ಚಟವಿರುವವರು ಬೇರೆ, ಬಸ್ಸಿನಲ್ಲಿ ಪಕ್ಕ ಕೂತು ಜೋರಾಗಿ ವಿಡಿಯೊ ಹಾಕಿಕೊಳ್ಳುವವರು, ಊಟದ ತಟ್ಟೆಯ ಮುಂದೆಯೂ ತಲೆ ಎತ್ತದವರು. ನಾನು ಸುಮ್ಮನೆ ಟೈಮ್ ನೋಡಲು ತೆಗೆಯುತ್ತೇನೆ. ತೆಗೆದು ಒಳಗಿಡುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ, ಟೈಮ್ ಎಷ್ಟೆಂದು ಮಾತ್ರ ನೋಡಿರುವುದಿಲ್ಲ. ಹಾಗಾಗಿ ಮತ್ತೆ ತೆಗೆಯಬೇಕಾಗುತ್ತದೆ.

ಬೇರೆ ಯಾವುದಾದರೂ ಉದ್ಯೋಗದಲ್ಲಿ ಇದು ನಡೆದುಹೋಗುತ್ತಿತ್ತೇನೋ. ನನ್ನದು ಜಯನಗರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಗೋಡೆ ಕ್ಯಾಲೆಂಡರಿನ ಪ್ರೂಫ್ ನೋಡುವ ಕೆಲಸ. ಜೋಯಿಸರು ಬರೆದುಕೊಟ್ಟ ತಿಥಿ, ಹಬ್ಬ, ರಜೆಗಳೆಲ್ಲ ಅವವುಗಳ ಚೌಕದಲ್ಲೇ ಕೂತಿವೆಯೇ ಎಂದು ನೋಡಬೇಕು. ಒಟ್ಟು ಹನ್ನೆರಡೇ ಹಾಳೆ, ಇದರಲ್ಲಿ ಕಷ್ಟವೇನು ಎಂದು ನೀವು ಕೇಳಬಹುದು. ನಮ್ಮ ಯಜಮಾನರೂ ಅದನ್ನೇ ಕೇಳಿದರು. ಹೋದ ಸಲ ಪ್ರೂಫ್ ನೋಡುವಾಗ, ಕೈಗೆ ಅಂಟಾಗದಂತೆ ಹಲಸಿನ ಹಣ್ಣು ಬಿಡಿಸುವ ವಿಡಿಯೊ ಬಂತು. ನಮ್ಮ ಮನೆಗೆ ಹಲಸು ತರುವುದೇ ಇಲ್ಲ, ಹೆಂಡತಿಗೆ ಅದರ ವಾಸನೆ ಆಗದು. ಆದರೂ ಕೊನೆಯ ತೊಳೆ ಬಿಡಿಸುವವರೆಗೆ ಕಣ್ಣು ಕೀಳಲಿಲ್ಲ. ಸಂಕಷ್ಟ ಚತುರ್ಥಿಯ ಪುಟ್ಟ ಗಣಪ ಮರುದಿನದ ಚೌಕಕ್ಕೆ ಹೋಗಿ ಕೂತಿದ್ದ. ನಾನು ‘ಸರಿ ಇದೆ’ ಎಂದು ಬರೆದು ಸಹಿ ಹಾಕಿದ್ದೆ.

ನಮ್ಮ ಕ್ಯಾಲೆಂಡರನ್ನು ನಂಬಿದವರೆಲ್ಲ ಸಂಕಷ್ಟಿಯ ದಿನ ಹೊಟ್ಟೆತುಂಬ ತಿಂದು, ಮರುದಿನ ಉಪವಾಸ ಕೂತರು. ಮರುದಿನ ಚಂದ್ರ ಬರುವುದು ಇನ್ನೂ ಮುಕ್ಕಾಲು ಗಂಟೆ ತಡ ಬೇರೆ. ವಸಂತಪುರದಲ್ಲಿರುವ ನನ್ನ ಸೋದರತ್ತೆ ಗರಿಕೆ ಹಿಡಿದು ದೇವಸ್ಥಾನಕ್ಕೆ ಹೋದರೆ ಅರ್ಚಕರು, “ಅಮ್ಮಾ, ಅದು ನಿನ್ನೇನೇ ಆಯ್ತಲ್ಲ” ಅಂದರಂತೆ. ಅತ್ತೆ ನನಗೆ ಫೋನ್ ಮಾಡಿ, “ಸಂಕಷ್ಟಿ ದಿನ ಈರುಳ್ಳಿ ದೋಸೆ ತಿಂದೆ ಕಣೋ. ಎರಡು ತಿಂದೆ. ಎಲ್ಲಾ ನಿನ್ನಿಂದ” ಅಂದರು. ಯಜಮಾನರು ಕೂಗಾಡಲಿಲ್ಲ. “ಮುಂದಿನ ವರ್ಷದ್ದೂ ನೀವೇ ನೋಡಿ. ಇನ್ನೊಂದ್ಸಲ ಗಣಪ ಜಾಗ ಬಿಟ್ರೆ ನೀವೂ ಬಿಡ್ಬೇಕಾಗುತ್ತೆ” ಅಂದರು. ಐವತ್ತೆರಡನೆಯ ವಯಸ್ಸಿನಲ್ಲಿ ನನಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ನಿಜಕ್ಕೂ ಹೆದರಿಕೆಯಾಯಿತು.

ಮಾಡದ ಉಪಾಯವಿಲ್ಲ. ಫೋನನ್ನು ಬೋರಲು ಹಾಕಿದೆ. ಎತ್ತಿ ನೋಡುವ ಆಸೆ ಇನ್ನೂ ಹೆಚ್ಚಾಯಿತು. ಸೈಲೆಂಟ್ ಮಾಡಿದೆ, ಸದ್ದೇ ಬರದ ಮೇಲೆ ಏನು ಬಂದಿದೆ ಎಂದು ಎತ್ತಿ ನೋಡದೆ ಗೊತ್ತಾಗುವುದು ಹೇಗೆ? ಮಗಳು “ಇಂಟರೆಸ್ಟ್ ಹೋಗುತ್ತೆ ಅಪ್ಪಾ” ಎಂದು ಪರದೆಯನ್ನು ಕಪ್ಪು ಬಿಳುಪು ಮಾಡಿಕೊಟ್ಟಳು. ಕಪ್ಪು ಬಿಳುಪಿನ ಟಿ.ವಿ. ಮುಂದೆ ಬೆಳೆದವನಿಗೆ ಅದು ಮತ್ತಷ್ಟು ಹಿಡಿಸಿತು. ಫೋನ್ ಮುಟ್ಟದಿದ್ದರೆ ಗಿಡ ಬೆಳೆಯುವ, ಮುಟ್ಟಿದರೆ ಸಾಯುವ ಆ್ಯಪ್ ಒಂದನ್ನು ಹಾಕಿಕೊಟ್ಟಳು. ಗಿಡ ಎಷ್ಟುದ್ದ ಬಂದಿದೆ ಎಂದು ತೆಗೆದು ತೆಗೆದು ನೋಡಿ ಒಂದು ತೋಪನ್ನೇ ಒಣಗಿಸಿದೆ.

ಕೊನೆಗೆ, ಹಗಲೆಲ್ಲ ನನ್ನ ಫೋನನ್ನು ನಿಮ್ಮ ಡ್ರಾಯರಿನಲ್ಲಿಟ್ಟುಕೊಳ್ಳಿ ಎಂದು ಗಿರಿಜಾ ಮೇಡಂ ಕಾಲಿಗೆ ಬಿದ್ದೆ. ಗಾಜಿನ ಪಾರ್ಟಿಷನ್‌ನ ಆಚೆ ಕೂತು ಪಾರ್ಸಲ್ ವಿಭಾಗ ನೋಡಿಕೊಳ್ಳುವವರು, ಬಹಳ ಖಡಕ್ಕು. “ಬೆಳಿಗ್ಗೆ ಬಂದ ತಕ್ಷಣ ಕೊಡಿ, ಐದೂವರೆಗೆ ಇಸ್ಕೊಳ್ಳಿ. ಮಧ್ಯ ಕೇಳಿದ್ರೆ ಕೊಡಲ್ಲ” ಅಂದರು.

“ಅರ್ಜೆಂಟ್ ಕಾಲ್ ಬಂದ್ರೆ ಮೇಡಂ?”

“ನಾನೇ ಎತ್ತಿ ಮಾತಾಡ್ತೀನಿ.”

ಮೊದಲ ದಿನ ಕೈ ತಾನಾಗಿ ಜೇಬಿಗೆ ಹೋಗಿ ಬರಿಗೈಯಲ್ಲಿ ವಾಪಸು ಬರುತ್ತಿತ್ತು. ನೀರಿನ ನೆಪದಲ್ಲಿ ಅವರ ಮೇಜಿನ ಬಳಿ ಓಡಾಡಿದೆ. “ಇಷ್ಟೊಂದು ನೀರು ಕುಡೀಬೇಡಿ ಸಾರ್” ಅಂದರು, ತಲೆ ಎತ್ತದೆ. ನಾಲ್ಕನೆಯ ದಿನದ ಹೊತ್ತಿಗೆ ಹನ್ನೊಂದು ಹಾಳೆ ಮುಗಿದಿತ್ತು. ಒಬ್ಬ ಗಣಪನೂ ಅಲುಗಾಡಿರಲಿಲ್ಲ. ಸಂತೋಷಪಡಬೇಕಾಗಿತ್ತು. ಆದರೆ ನನಗೆ ಮಾಡಿದ ಫೋನನ್ನು ಒಮ್ಮೆ ಗಿರಿಜಾ ಮೇಡಂ ಎತ್ತಿದ್ದೇ ತಡ, ಅತ್ತೆ ಈಗ ನೇರವಾಗಿ ಅವರ ನಂಬರಿಗೇ ಫೋನ್ ಮಾಡಲು ಶುರು ಮಾಡಿದ್ದರು. “ಆ ಹುಡುಗಿ ಪೂರ್ತಿ ಕೇಳಿಸ್ಕೋತಾಳೆ. ನೀನು ಬರೀ ಹ್ಞೂಂ ಹ್ಞೂಂ ಅಂತೀಯ” ಎಂಬುದು ಅವರ ಸಮಜಾಯಿಷಿ. ಉಳಿದವರಂತೂ ಫೋನ್ ಮಾಡುವುದನ್ನೇ ಬಿಟ್ಟಿದ್ದರು. ಎರಡು ದಿನ ಸಂಜೆ ಗಿರಿಜಾ ಮೇಡಂ ಫೋನ್ ವಾಪಸು ಕೊಡುತ್ತಾ, “ಯಾರೂ ಮಾಡ್ಲಿಲ್ಲ ಸಾರ್” ಅಂದರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೊಡ್ಡ ಊರಿನಲ್ಲಿ ಒಬ್ಬ ಮನುಷ್ಯ ದಿನವಿಡೀ ಕೈಗೆ ಸಿಗದಿದ್ದರೆ ಯಾರಿಗೂ ಏನೂ ಅನಿಸುವುದಿಲ್ಲವೇ?

ಡಿಸೆಂಬರ್ ಹಾಳೆ ಅರ್ಧ ಆಗಿತ್ತು. ಫೋನೇ ಕೆಟ್ಟಿರಬೇಕು ಎಂಬ ಅನುಮಾನ ಬಲವಾಯಿತು. ಪಾರ್ಟಿಷನ್‌ಗೆ ಬೆನ್ನು ಹಾಕಿ ಕೂತು, ಆಫೀಸಿನ ಲ್ಯಾಂಡ್‌ಲೈನ್‌ನಿಂದ ನನ್ನ ನಂಬರಿಗೆ ನಾನೇ ಫೋನ್ ಮಾಡಿದೆ. ಆಚೆ ಡ್ರಾಯರಿನಲ್ಲಿ ರಿಂಗಾಯಿತು. ನಿಜ ಹೇಳುತ್ತೇನೆ, ನನ್ನನ್ನು ಯಾರೋ ಕೇಳಿದಷ್ಟೇ ಖುಷಿಯಾಯಿತು. ಗಿರಿಜಾ ಮೇಡಂ ಎತ್ತಿದರು. ನಾನು ದನಿ ಬದಲಿಸಿ, “ಸಾರ್ ಇದ್ದಾರಾ?” ಎಂದೆ.

“ಇದ್ದಾರೆ. ಪ್ರೂಫ್ ನೋಡೋದು ಬಿಟ್ಟು ಯಾರ ಹತ್ರಾನೋ ಫೋನಲ್ಲಿ ಮಾತಾಡ್ತಾ ಕೂತಿದ್ದಾರೆ” ಅಂದರು ಅವರು. “ಅವರು ಮಾತು ಮುಗಿಸಿದ ಮೇಲೆ ಮಾಡಿ.”

“ಸರಿ ಮೇಡಂ” ಎಂದು ಫೋನ್ ಇಟ್ಟೆ. ಹಾಳೆಯಲ್ಲಿ ಎಲ್ಲಿಯವರೆಗೆ ನೋಡಿದ್ದೆ ಎಂಬುದು ಮರೆತುಹೋಗಿತ್ತು. ಡಿಸೆಂಬರ್ ಒಂದನೇ ತಾರೀಖಿನಿಂದ ಮತ್ತೆ ಶುರು ಮಾಡಿದೆ.