ಗಣಿ ದಿಬ್ಬದ ಇಲಿಗಳು ಮತ್ತು ಸಿಬ್ಬಂದಿಯ ಏಕಾದಶಿ

ಸಂಖ್ಯೆ: ಸಪ್ರಾಶಾ/ಇಲಿ/ಇತರೆ/ಬಾಕಿ

ವಿಷಯ: ಹೊಳಲ್ಕೆರೆ ತಾಲ್ಲೂಕು ಕರಿಗಲ್ಲಹಟ್ಟಿಯ ಮುಚ್ಚಿದ ಗಣಿಯ ಮಣ್ಣುದಿಬ್ಬದಲ್ಲಿ ವಾಸವಿರುವ ಕಾಡಿಲಿಗಳ ವರ್ಣತಂತುಗಳು ಪೂರ್ವಾನುಮತಿ ಇಲ್ಲದೆ ಮುರಿದಿರುವ ಬಗ್ಗೆ.

ಉಲ್ಲೇಖ: 1) ಸಂಶೋಧಕಿ ಕು. ಅನುಪಮಾ ಅವರ ವರದಿ (ಕೊನೆಯ ಪುಟ ಓದಲಾಗಿದೆ).
2) ಸದರಿ ಹಟ್ಟಿಯ ಕುರಿ ಸಾಕಣೆದಾರರಾದ ಶ್ರೀಮತಿ ಯಲ್ಲಕ್ಕ ಅವರ ಮೌಖಿಕ ದೂರು (ಎಲ್ಲಾ ಕೊಠಡಿಗಳಿಗೂ ಕೇಳಿಸಿದೆ).

ದಿಬ್ಬದ ಸೀಸ, ಕ್ಯಾಡ್ಮಿಯಂ ಮಳೆನೀರಿನೊಂದಿಗೆ ಇಳಿದು ಹಟ್ಟಿಯ ಬೋರ್‌ವೆಲ್ ಸೇರಿರಬಹುದೆಂದೂ, ಅದರ ತೊಟ್ಟಿಯಲ್ಲಿ ನೀರು ಕುಡಿಯುವ ಇಲಿಗಳ ವರ್ಣತಂತುಗಳು ಗಣಿಯಿಲ್ಲದ ಚಂದ್ರವಳ್ಳಿಯ ಇಲಿಗಳಿಗಿಂತ ಹಲವು ಪಟ್ಟು ಹೆಚ್ಚು ಮುರಿದಿವೆಯೆಂದೂ, ಈ ದೋಷ ಮರಿಗಳಿಗೂ ಹೋಗಬಹುದೆಂದೂ ವರದಿಯು ಆಪಾದಿಸಿರುತ್ತದೆ. ಆದ್ದರಿಂದ ಸಣ್ಣ ಪ್ರಾಣಿಗಳ ಶಾಖೆಯ ಎಲ್ಲಾ ಸಿಬ್ಬಂದಿಗೂ ಸಂಬಂಧಿಸಿದ ಇಲಿಗಳಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ಈ ವ್ಯತ್ಯಾಸಕ್ಕೆ ಚಂದ್ರವಳ್ಳಿಯ ಇಲಿಗಳ ಮಿತಿಮೀರಿದ ಆರೋಗ್ಯವೇ ಕಾರಣವೆಂದು ಕಂಡುಬಂದಿದೆ. ಅವುಗಳನ್ನು ನಿಯೋಜನೆಯ ಮೇಲೆ ದಿಬ್ಬಕ್ಕೆ ಕಳುಹಿಸಿ ಜಿಲ್ಲೆಯ ಸರಾಸರಿಯನ್ನು ಸರಿಪಡಿಸತಕ್ಕದ್ದು. ಪ್ರಯಾಣ ಭತ್ಯೆ ಇರುವುದಿಲ್ಲ.

2. ವರ್ಣತಂತು ಮುರಿದ ಇಲಿಯು ಮರಿ ಹಾಕುವ ಮುನ್ನ ನಿರಾಕ್ಷೇಪಣಾ ಪತ್ರ ಪಡೆಯತಕ್ಕದ್ದು. ತಪಾಸಣೆಯ ವೇಳೆ ಬಿಲದಲ್ಲಿ ಇಲ್ಲದ ಇಲಿಯನ್ನು ಪಕ್ಕದ ಹೊಸದುರ್ಗ ತಾಲ್ಲೂಕಿನದೆಂದು ಪರಿಗಣಿಸಲಾಗುವುದು.

3. "ಇಲಿ ರಕ್ತ ಕೆಟ್ಟೈತೆ ಅಂತೀರಿ. ಅವು ಕುಡಿಯೋ ನೀರೇ ನನ್ನ ಸೊಸೆನೂ ಕುಡೀತಾಳೆ, ಅವಳಿಗೀಗ ಐದು ತಿಂಗ್ಳು. ಮೊದ್ಲು ಆ ಬೋರು ನೋಡ್ರಿ" ಎಂದು ಯಲ್ಲಕ್ಕ ದೂರಿರುತ್ತಾರೆ. ಸದರಿ ಸೊಸೆ ಶ್ರೀಮತಿ ದೀಪಾ ಅವರು ಸಸ್ತನಿಯಾಗಿದ್ದರೂ ಸಣ್ಣ ಸಸ್ತನಿಯಲ್ಲದ ಕಾರಣ ವಿಷಯವು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಇಲಿಗಳೇ ಅರ್ಜಿ ಸಲ್ಲಿಸಿದಲ್ಲಿ ನೀರಿನ ಪರೀಕ್ಷೆಯನ್ನು ಪರಿಶೀಲಿಸಲಾಗುವುದು.

4. ನೀರು ಸುರಕ್ಷಿತವೆಂದು ಮನವರಿಕೆ ಮಾಡಲು ಹಟ್ಟಿಗೆ ಹೋದ ಸಿಬ್ಬಂದಿಯು, ಯಲ್ಲಕ್ಕ ಬೆಲ್ಲದ ಜೊತೆ ಕೊಟ್ಟ ಅದೇ ನೀರನ್ನು ಕುಡಿಯದೆ, ಹೋದಾಗಲೆಲ್ಲ "ಇವತ್ತು ಏಕಾದಶಿ" ಎಂದು ತಿಳಿಸಿ ಶಾಖೆಗೆ ಮುಜುಗರ ತಂದಿರುತ್ತಾರೆ. "ಸೋಮವಾರನೂ ಏಕಾದಶಿ, ಗುರುವಾರನೂ ಏಕಾದಶಿ. ಏನಪ್ಪ, ನಿಮ್ಮ ಆಫೀಸಿಗೆ ಬೇರೆ ಪಂಚಾಂಗ ಐತೇನು?" ಎಂದು ಆಕೆ ಗುಮಾಸ್ತ ದುರ್ಗೇಶ್ ಅವರನ್ನು ವಿಚಾರಿಸಿರುತ್ತಾರೆ. ಇನ್ನು ಮುಂದೆ ಸಿಬ್ಬಂದಿಯು ನಿಜವಾದ ಏಕಾದಶಿಯಂದೇ ಮನವರಿಕೆಗೆ ತೆರಳತಕ್ಕದ್ದು.

5. ಕಳೆದ ವಾರ ಯಲ್ಲಕ್ಕ ಸದರಿ ನೀರನ್ನು ಚೊಂಬಿನಲ್ಲಿ ತಂದು ಅಧೀಕ್ಷಕರ ಮೇಜಿನ ಮೇಲಿಟ್ಟು, "ಕುಡೀರಿ ಸಾಹೇಬ್ರೆ, ಇವತ್ತು ದ್ವಾದಶಿ" ಎಂದು ಎದುರಿಗೆ ಕುಳಿತಿರುತ್ತಾರೆ. ಅಧೀಕ್ಷಕರು ಅಂದಿನಿಂದ ರಜೆಯಲ್ಲಿದ್ದಾರೆ. ಚೊಂಬಿನ ನೀರನ್ನು ಯಾರೂ ಕುಡಿಯತಕ್ಕದ್ದಲ್ಲ. ಚರಂಡಿಗೆ ಚೆಲ್ಲತಕ್ಕದ್ದೂ ಅಲ್ಲ; ಅಲ್ಲಿ ಕಚೇರಿಯ ಇಲಿಗಳಿವೆ.

ಸಹಿ/-
ಅಧೀಕ್ಷಕರ ಪರವಾಗಿ
ಸಣ್ಣ ಪ್ರಾಣಿಗಳ ಶಾಖೆ, ಚಿತ್ರದುರ್ಗ

ಪ್ರತಿಗಳು:
1. ಚಂದ್ರವಳ್ಳಿಯ ಇಲಿಗಳಿಗೆ: ಕೂಡಲೇ ಕರ್ತವ್ಯಕ್ಕೆ ಹಾಜರಾಗಲು.
2. ಕು. ಅನುಪಮಾ ಅವರಿಗೆ: ಮುಂದಿನ ಸಂಶೋಧನೆಗೆ ಜಿಲ್ಲೆಯಲ್ಲಿಲ್ಲದ ಪ್ರಾಣಿಯನ್ನು ಆರಿಸಿಕೊಳ್ಳಲು.
3. ಕ್ಯಾನ್ ನೀರಿನವರಿಗೆ: ಈ ಕಚೇರಿಗೆ ದಿನವೂ ಒಂದು ಕ್ಯಾನ್ ಹೆಚ್ಚಿಗೆ ಹಾಕಲು.
4. ಶ್ರೀಮತಿ ದೀಪಾ, ಕರಿಗಲ್ಲಹಟ್ಟಿ ಇವರಿಗೆ: ಹೆರಿಗೆಗೆ ತವರಾದ ಯಲ್ಲದಕೆರೆಗೆ ಹೋಗುವ ಪದ್ಧತಿ ಹೇಗೂ ಇರುವುದರಿಂದ, ಅಲ್ಲಿಯವರೆಗೆ ಬಾಯಾರಿಕೆಯನ್ನು ಮುಂದೂಡಲು ಕೋರಿದೆ.