ಗೋಡೆಯೊಳಗೆ ಸೇರಿಹೋದ ಬಾಗಿಲು

ನಮ್ಮ ಮನೆಯ ಹಾಲಿಗೆ ಕಾಲಿಟ್ಟವರು ದಂಗಾಗಿ ಮಾತು ಮರೆಯಬೇಕು! ೧೯೯೭ರಲ್ಲಿ ಚಂದ್ರಮೌಳಿಯೆಂಬ ನಾನು, ಹೆಬ್ಬಾಳದ ಕಾರ್ಖಾನೆಯೊಂದರ ಸ್ಟೋರ್ಸ್ ಸೂಪರ್‌ವೈಸರ್, ಹೀಗೊಂದು ಪಣ ತೊಟ್ಟೆ.

ಕಾರಣ ನನ್ನ ತಂಗಿ ಶಿಲ್ಪಶ್ರೀ. ಅವಳನ್ನು ನೋಡಲು ಬಂದ ಎರಡು ಕಡೆಯವರು ನಮ್ಮ ಕೃಷ್ಣಮೂರ್ತಿಪುರಂ ಮನೆಯ ಸುಣ್ಣದ ಗೋಡೆಗಳತ್ತ ಕಣ್ಣಾಡಿಸಿ, ಕಾಫಿ ಕುಡಿದು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ. ಅಪ್ಪ ಇಲ್ಲದ ಮನೆ, ಹೊಣೆ ನನ್ನದು. ಎರಡನೇ ಸಲ ಅವಳು ರೇಷ್ಮೆ ಸೀರೆಯನ್ನು ಮಡಿಸಿ ಬೀರುವಿನಲ್ಲಿಡುವಾಗ ಅವಳ ಮುಖ ನೋಡಿದ್ದೆ. ತಪ್ಪೆಲ್ಲ ಗೋಡೆಗಳದ್ದೇ ಎಂದು ಅಂದೇ ತೀರ್ಮಾನಿಸಿದೆ.

ನಮ್ಮ ಮ್ಯಾನೇಜರ್ ಕೋಣೆಗೆ ಸುತ್ತಲೂ ಮರದ ಹೊದಿಕೆಯಿತ್ತು. ಒಳಗೆ ಹೋದರೆ ಎಂಥವರಿಗೂ ತಾನಾಗಿ ಬೆನ್ನು ಬಾಗುತ್ತಿತ್ತು. ಆ ಗಾಂಭೀರ್ಯ ನಮಗೂ ಬೇಕು!

"ಹತ್ತಡಿ ಹನ್ನೆರಡಡಿ ಹಾಲು ಕಣ್ರೀ. ಅಷ್ಟೊಂದು ಗಾಂಭೀರ್ಯ ಎಲ್ಲಿ ಕೂತ್ಕೊಳುತ್ತೆ?" ಎಂದಳು ಹೆಂಡತಿ ಪ್ರೇಮಲೀಲಾ.

ಬಡಗಿ ಜವರಯ್ಯನೂ ಎಚ್ಚರಿಸಿದ. "ಬಣ್ಣ ತಿಳಿಯಾಗಿರ್ಲಿ ಬುಡಿ ಸಾ. ಕಪ್ಪು ಮಾಡ್ಬುಟ್ರೆ ರೂಮು ಮುದುರ್ಕೊಂಬುಡ್ತದೆ."

"ಕಡು ಕಂದು ಬಣ್ಣಾನೇ ಇರ್ಲಿ ಜವರಯ್ಯ. ಅಡುಗೆಮನೆ ಬಾಗಿಲಿಗೂ ಅದೇ ಹಲಗೆ ಹೊಡಿ. ಹಿಡಿ ಬೇಡ, ಒತ್ತಿದ್ರೆ ತೆಕ್ಕೋಬೇಕು. ಯಾವುದು ಗೋಡೆ, ಯಾವುದು ಬಾಗಿಲು, ಗೊತ್ತೇ ಆಗ್ಬಾರ್ದು!"

ಗೊತ್ತಾಗಲಿಲ್ಲ. ಪಾಲಿಶ್ ಒಣಗುವಷ್ಟರಲ್ಲಿ ಸೂರು ಎರಡಡಿ ಕೆಳಗಿಳಿದಂತೆ ಕಂಡಿತು. ಕರಿಬೇವು ಕೇಳಲು ಬಂದ ಪಕ್ಕದ ಮನೆಯಾಕೆ ಹೊಸ್ತಿಲಲ್ಲೇ ನಿಂತು, ಪಿಸುಮಾತಿನಲ್ಲಿ ಕೇಳಿ, ಪಿಸುಮಾತಿನಲ್ಲೇ ಹೋದರು. ಅವರೆಕಾಯಿ ಸುಲಿಯುವವರೂ ಪೇಪರ್ ಓದುವವರೂ ಅಡುಗೆಮನೆಗೆ ಗುಳೆ ಎದ್ದರು. ನಾನೊಬ್ಬನೇ ಹಾಲಿನಲ್ಲಿ ಕುಳಿತು, ಇದೇ ಮರ್ಯಾದೆ ಎಂದುಕೊಂಡೆ.

ಮೂರನೇ ಕಡೆಯವರು ಬಂದರು: ಹುಡುಗ ವಿಶ್ವನಾಥ್, ತಂದೆ ಪ್ರಭುಸ್ವಾಮಿ, ತಾಯಿ. ಕುಳಿತರು. ಯಾರಿಗೂ ಮಾತು ಹೊರಡಲಿಲ್ಲ. ಕೊನೆಗೆ ಪ್ರಭುಸ್ವಾಮಿಯವರು ನನ್ನತ್ತ ಬಾಗಿ ಪಿಸುಗುಟ್ಟಿದರು. "ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ರೂ ಚೆನ್ನಾಗಿದೀವಿ ಸಾರ್," ನಾನೂ ಪಿಸುಗುಟ್ಟಿದೆ.

ಅಷ್ಟರಲ್ಲಿ ಗೋಡೆ ಸೀಳಿ ಶಿಲ್ಪಶ್ರೀ ಕೇಸರಿಬಾತ್ ತಂದಳು. ಹುಡುಗನ ತಾಯಿ ಬೆಚ್ಚಿದರು. ಆ ಮಬ್ಬಿನಲ್ಲಿ ಅವಳ ಮುಖವೂ ಸರಿಯಾಗಿ ಕಾಣಲಿಲ್ಲ. ತಲೆ ತಗ್ಗಿಸಿ ತಟ್ಟೆಗಳನ್ನಿಟ್ಟು ಹೋದಳು. ಹಿಂದೆಯೇ ಗೋಡೆ ಮುಚ್ಚಿಕೊಂಡಿತು. ಇದೂ ಕೈತಪ್ಪಿತು ಎಂದುಕೊಂಡೆ.

ತಿಂದು ಮುಗಿಸಿದ ವಿಶ್ವನಾಥ್ ಕೈ ತೊಳೆಯಲು ಎದ್ದರು. ಗೋಡೆ ಒತ್ತಿದರು, ತೆರೆಯಲಿಲ್ಲ. ಪಕ್ಕದ ಹಲಗೆ ಒತ್ತಿದರು, ಅದೂ ಇಲ್ಲ. "ಇಲ್ಲಿ ಬನ್ನಿ" ಎಂದು ಠೀವಿಯಿಂದ ಹೋಗಿ ನಾನೇ ಒತ್ತಿದೆ. ಗೋಡೆ! ಬೆವರತೊಡಗಿದೆ. ಪ್ರಭುಸ್ವಾಮಿಯವರೂ ನೆರವಿಗೆ ಬಂದರು. ಮೂವರು ಗಂಡಸರು ಸಾಲಾಗಿ ನಿಂತು ಗೋಡೆ ಸವರುತ್ತಿದ್ದೆವು.

"ಅಣ್ಣಾ, ಇನ್ನೂ ಬಲಕ್ಕೆ!" ಒಳಗಿನಿಂದ ಶಿಲ್ಪಶ್ರೀ ಕೂಗಿ, ಬಾಗಿಲನ್ನು ತಾನೇ ಎಳೆದಳು. ಆಗಷ್ಟೇ ಅದಕ್ಕೇ ಒರಗಹೋದ ವಿಶ್ವನಾಥ್ ಮುಗ್ಗರಿಸಿ ಅಡುಗೆಮನೆಯೊಳಗೆ ಬಿದ್ದರು.

"ಅಯ್ಯೋ, ಪೆಟ್ಟಾಯ್ತಾ?"

"ಇಲ್ಲ... ಗೋಡೆ ಅಂದ್ಕೊಂಡಿದ್ದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ತಿಂಗಳುಗಳಿಂದ ನಾನು ಆ ನಗು ಕೇಳಿರಲಿಲ್ಲ.

ಅವರ ಹಿಂದೆಯೇ ನಾವೆಲ್ಲ ಅಡುಗೆಮನೆಗೆ ಬಂದೆವು. ಕೆಂಪು ಗಾರೆಯ ನೆಲ, ಬಿಳಿ ಗೋಡೆ, ಹಿತ್ತಿಲ ಬಾಗಿಲಿಂದ ಬೀಳುವ ಬಿಸಿಲು. ಹುಡುಗನ ತಾಯಿ ಮಣೆ ಎಳೆದುಕೊಂಡು ಅವರೆಕಾಯಿಗೆ ಕೈ ಹಾಕಿದರು. ಶಿಲ್ಪಶ್ರೀ ಶಾಲೆಯಲ್ಲಿ ಯಾವ ಪಾಠ ಹೇಳುತ್ತಾಳೆ, ವಿಶ್ವನಾಥ್ ಎಂಥ ಪುಸ್ತಕ ಓದುತ್ತಾರೆ, ಒಂದೂವರೆ ಗಂಟೆ ಮಾತೋ ಮಾತು. ನಾನು ಹಾಲಿನಿಂದ ಕುರ್ಚಿಗಳನ್ನು ಹೊತ್ತು ತಂದೆ. ಯಾರೂ ಕೂರಲಿಲ್ಲ.

ಹೊರಡುವಾಗ ಪ್ರಭುಸ್ವಾಮಿಯವರು ನನ್ನ ಕೈ ಹಿಡಿದರು. "ಹುಡುಗಿ ನಮಗೆಲ್ಲಾ ಒಪ್ಪಿಗೆ. ಆದ್ರೆ ನಮ್ದೊಂದು ಡಿಮ್ಯಾಂಡ್ ಇದೆ."

ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಸ್ಕೂಟರ್ರೋ, ಸೈಟೋ? "ಹೇಳಿ ಸಾರ್" ಎಂದೆ.

"ಮುಂದಿನ ಮಾತುಕತೆಗೆ ನಮ್ಮನ್ನ ಹಿತ್ತಿಲ ಬಾಗಿಲಿಂದ ಕರ್ಕೊಂಡ್ಬಿಡಿ!"